ಅಪ್ಪನ ಕಾರಿನ ಹೆಡ್ಡು

ಕೌಂಟರಿನಲ್ಲಿ ನಿಂತು ನಟ್ಟು ಬೋಲ್ಟು ಮಾರುವುದರಲ್ಲಿ ಅವಮಾನವೇನಿಲ್ಲ. ಆದರೆ ಗೋಡೆಯಾಚೆ ಗಂಡಸರು ಇಂಜಿನ್ ಬಿಚ್ಚಿ ಎಡವಟ್ಟು ಮಾಡುವುದು ಕಿವಿಗೆ ಬೀಳುತ್ತಿದ್ದರೆ ಸುಮ್ಮನೆ ನಿಲ್ಲುವುದು ನನ್ನ ಕೈಲಾಗದು. ವೇಲ್ಸಿನ ನಮ್ಮ ಕಣಿವೆಗೆ ಇದ್ದದ್ದೇ ಆ ಒಂದು ಗ್ಯಾರೇಜು. ಅದರ ಮಾಲೀಕ ಎಮ್ಲಿನ್‌ಗೆ ಒಂದು ದಿನ ಹೇಳಿಯೇಬಿಟ್ಟೆ.

"ನನ್ನನ್ನ ಒಳಗೆ ಮೆಕ್ಯಾನಿಕ್ ಕೆಲಸಕ್ಕೆ ಹಾಕ್ಕೊಳ್ಳಿ."

"ಶನಿವಾರ ಗುಡ್ಡದ ರೇಸಲ್ಲಿ ನನ್ನ ಇಂಪ್ ಕಾರನ್ನ ಸೋಲಿಸು ನೆಸ್ಟಾ, ಹಾಕ್ಕೋತೀನಿ. ಸೋತ್ರೆ ಈ ಮಾತು ಮತ್ತೆ ಎತ್ತಬಾರ್ದು."

ಒಳಗಿದ್ದವರೆಲ್ಲ ನಕ್ಕರು. ನನ್ನ ಮಿನಿ ಕಾರು ಏರಿನಲ್ಲಿ ಏದುಸಿರು ಬಿಡುವುದು ಊರಿಗೆಲ್ಲ ಗೊತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

ಅಪ್ಪನ ಬಳಿ ಒಂದು ಎಂಜಿ ಕಾರಿತ್ತು. ಅದರ ಇಂಜಿನ್ನೂ ನನ್ನ ಮಿನಿಯದೂ ಅಕ್ಕತಂಗಿಯರು. ಒಂದರ ಹೆಡ್ಡು, ಅಂದರೆ ಇಂಜಿನ್ನಿನ ಮೇಲೆ ಕೂರುವ ತಲೆ, ಇನ್ನೊಂದಕ್ಕೆ ಕೂರುತ್ತದೆ. ಅಪ್ಪನ ಕಾರಿನ ಹೆಡ್ಡಿಗೆ ವಾಲ್ವು ದೊಡ್ಡವು, ಉಸಿರು ಜಾಸ್ತಿ, ಶಕ್ತಿಯೂ ಜಾಸ್ತಿ. ಅಂಥದ್ದು ವಾರಕ್ಕೊಮ್ಮೆ ಪ್ರಾರ್ಥನೆಗೆ ಹೋಗಿಬಂದು ನಿದ್ದೆ ಹೊಡೆಯುತ್ತಿತ್ತು. ಕೇಳಿದರೆ ಅಪ್ಪ ಕೊಡುವವನಲ್ಲ. ಅದಕ್ಕೇ ಕೇಳಲಿಲ್ಲ.

ಶುಕ್ರವಾರ ಸಂಜೆ ಅಪ್ಪ ಮನೆಯೆದುರಿನ ಚಾಪೆಲ್‌ಗೆ ಗಂಡಸರ ಹಾಡಿನ ಮೇಳದ ಅಭ್ಯಾಸಕ್ಕೆ ಹೋದ. ಹಾಡು ಕೇಳಿಸುತ್ತಿರುವಷ್ಟು ಹೊತ್ತೂ ಕಾರಿನ ಶೆಡ್ಡು ನನ್ನದೇ. ಮಿನಿಯ ಹೆಡ್ಡನ್ನು ಮೊದಲೇ ಬಿಚ್ಚಿಟ್ಟಿದ್ದೆ. ಎಂಜಿಯ ಇಂಜಿನ್ ತಣ್ಣಗಿಡುವ ನೀರನ್ನು ಕೈಗೆ ಸಿಕ್ಕ ಬೋಗುಣಿಗೆ ಇಳಿಸಿದೆ. ಆ ಬೋಗುಣಿ ಹುಡುಕಿಕೊಂಡೇ ಅಜ್ಜಿ ಬಂದಳು.

"ನನ್ನ ಮಗನ ಕಾರಿಗೆ ಏನೇ ಮಾಡ್ತಿದೀಯ?"

ಎಲ್ಲ ಹೇಳಿದೆ.

"ಆ ಎಮ್ಲಿನ್ ನಕ್ಕನಾ?"

"ಹೊಟ್ಟೆ ಹಿಡ್ಕೊಂಡು ನಕ್ಕ."

"ಕೊಡಿಲ್ಲಿ ದೀಪ. ನಾನು ಹಿಡೀತೀನಿ."

ಅಪ್ಪನ ಹೆಡ್ಡು ಜಪ್ಪಯ್ಯ ಎಂದರೂ ಏಳಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಎಬ್ಬಿಸಿದೆ. ಅದರ ಜಾಗದಲ್ಲಿ ಹೊಸ ಗ್ಯಾಸ್ಕೆಟ್ ಹಾಸಿ, ಮಿನಿಯ ಹೆಡ್ಡು ಕೂರಿಸಿ, ನಡುವಿನಿಂದ ಹೊರಕ್ಕೆ ನಟ್ಟು ಬಿಗಿಯುತ್ತಿದ್ದಾಗ ಎದುರಿನಿಂದ ಅಭ್ಯಾಸ ಮುಗಿಸುವ ಹಾಡು ಶುರುವಾಯಿತು. ಅಪ್ಪ ಇನ್ನೇನು ಬಂದುಬಿಡುತ್ತಾನೆ. ಅಜ್ಜಿ ದೀಪವನ್ನು ಕಾರಿನ ಮೇಲಿಟ್ಟು, ಮನೆಯ ಚಪ್ಪಲಿಯಲ್ಲೇ ರಸ್ತೆ ದಾಟಿ ಓಡಿದಳು. ಹಾಡು ನಿಂತಿತು. ಸ್ವಲ್ಪ ಹೊತ್ತಿಗೆ ಬೇರೊಂದು, ಬಹಳ ನಿಧಾನದ್ದು, ಎದ್ದಿತು.

ಅಜ್ಜಿ ಏದುಸಿರು ಬಿಡುತ್ತ ಬಂದಳು. "ನಿಮ್ಮಜ್ಜನ್ನ ಮಣ್ಣು ಮಾಡಿದಾಗ ಹಾಡಿದ್ದನ್ನ ಹಾಡ್ರಪ್ಪಾ ಅಂದೆ. ಎಲ್ಲಾ ಚರಣಾನೂ. ಬೇಗ ಬೇಗ!"

ಅಪ್ಪ ಕಣ್ಣೊರೆಸಿಕೊಳ್ಳುತ್ತ ಬರುವ ಹೊತ್ತಿಗೆ ಅವಸರದಲ್ಲಿ ಒಂದಿಷ್ಟು ನೀರು ಸುರಿದು ಬಾನೆಟ್ ಮುಚ್ಚಿದ್ದೆ.

ರಾತ್ರಿಯೇ ಅಪ್ಪನ ಹೆಡ್ಡನ್ನು ಮಿನಿಗೆ ಬಿಗಿದೆ. ಬೆಳಗ್ಗೆ ಮಿನಿ ಒಂದೇ ಸಲಕ್ಕೆ ಹೊತ್ತಿಕೊಂಡು ಗುಡುಗಿತು. ಖುಷಿಗೆ ಒಬ್ಬಳೇ ಕಿರುಚಿಬಿಟ್ಟೆ.

ಗುಡ್ಡದಲ್ಲಿ ಒಬ್ಬೊಬ್ಬರಾಗಿ ಎರಡೆರಡು ಓಟ, ಎರಡರಲ್ಲಿ ಕಡಿಮೆ ಸಮಯದ್ದೇ ಲೆಕ್ಕ. ಮೊದಲನೆಯದರಲ್ಲಿ ಕೊನೆಯ ತಿರುವಿಗೆ ಗೇರು ತಪ್ಪಿಸಿ, ಎಮ್ಲಿನ್‌ಗಿಂತ ಕೂದಲೆಳೆಯಷ್ಟು ಹಿಂದೆ ಬಿದ್ದೆ. "ಸೋಮವಾರ ಕೌಂಟರ್ ಒರೆಸ್ಬೇಕು, ಬೇಗ ಬಾ," ಎಂದ.

ಆಗ ಆವಿ ಕಾರುತ್ತ ಅಪ್ಪನ ಎಂಜಿ ಬಂತು. ಅದರಿಂದ ಕರಿ ಸೂಟಿನ ನಾಲ್ವರು ಭಾರಿ ಗಂಡಸರು ಇಳಿದರು. ಮೇಳ ಆ ದಿನದ ಹಾಡಿನ ಸ್ಪರ್ಧೆಗೆ ಬಸ್ಸಿನಲ್ಲಿ ಹೋಗುತ್ತದೆ ಎಂದುಕೊಂಡಿದ್ದೆ. ಅಪ್ಪ ಮೂವರು ಜೊತೆಗಾರರನ್ನು ಕಾರಿನಲ್ಲಿ ತುಂಬಿಕೊಂಡು ಘಾಟಿ ಹತ್ತಲು ಹೊರಟಿದ್ದ.

"ನೆಸ್ಟಾ! ಅರ್ಧ ಏರಲ್ಲಿ ಕುದ್ದು ನಿಂತ್ಹೋಯ್ತು. ಸೂಟು ಹಾಕ್ಕೊಂಡು ತಳ್ಳಿ ತಿರುಗಿಸ್ಕೊಂಡು, ಇಳಿಜಾರಲ್ಲಿ ಬಂದ್ವಿ. ಸ್ಪರ್ಧೆನೂ ತಪ್ತು. ನನ್ನ ಇಂಜಿನ್ ಮುಟ್ಟೋ ಪ್ರಾಣಿ ಕಣಿವೇಲಿ ಒಂದೇ. ನಿನ್ನ ಮಿನಿ ಬಾನೆಟ್ ತೆಗಿ!"

ತೆಗೆದೆ. ಅಪ್ಪ ಬಗ್ಗಿ ನೋಡಿದ. ಎಮ್ಲಿನ್ ಹತ್ತಿರ ಬಂದ.

"ಮನೆಗೆ ಕರ್ಕೊಂಡ್ಹೋಗಿ ಯಜಮಾನ್ರೇ. ಹುಡುಗಿಗೆ ಕೌಂಟರೇ ಸರಿ."

ಅಪ್ಪ ಅವನತ್ತ ತಿರುಗಲೂ ಇಲ್ಲ. "ನನ್ನ ಹೆಡ್ಡನ್ನ ಇಲ್ಲಿ ಯಾರು ಕೂರ್ಸಿದ್ದು?"

"ನಾನೇ ಅಪ್ಪಾ."

"ಒಬ್ಳೇನಾ?"

"ಅಜ್ಜಿ ದೀಪ ಹಿಡಿದ್ಲು."

ಅಪ್ಪನ ಮುಖ ಕೆಂಪಾಯಿತು. "ಅಂದ್ರೆ ನಿನ್ನೆ ನಾನು ಗಳಗಳ ಅತ್ತಿದ್ದು ಇದಕ್ಕಾ?"

ಮೂವರು ಜೊತೆಗಾರರು ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ತಾನೇ ಬಾನೆಟ್ ಮುಚ್ಚಿದ.

"ಗಾಡಿ ಹತ್ತು. ಸೋತು ಬಂದ್ರೆ ನನ್ನ ಕಾರನ್ನ ಮನೇವರೆಗೂ ನೀನೇ ತಳ್ಬೇಕು."

ಬಾವುಟ ಬಿತ್ತು. ಮೊದಲ ಏರು, ಎರಡನೇ ಗೇರು. ಮಿನಿ ಹಗ್ಗ ಕಿತ್ತ ಕರುವಿನ ಹಾಗೆ ನುಗ್ಗಿತು. ಕಲ್ಲುಗೋಡೆ ಕನ್ನಡಿಯನ್ನು ಸವರಿತು. ನಾನು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಕೊನೆಯ ತಿರುವು. ಈ ಸಲ ಗೇರು ಬೆಣ್ಣೆಯಂತೆ ಬಿತ್ತು. ಗೆರೆ ದಾಟುವಾಗ ನಾನು ಏನು ಕೂಗಿದೆನೋ ನನಗೇ ಗೊತ್ತಿಲ್ಲ. ಮೈಕಿನಲ್ಲಿ ನನ್ನ ಸಮಯ ಹೇಳುತ್ತಿದ್ದಂತೆ ಕೆಳಗಿನಿಂದ ನಾಲ್ಕು ಭಾರಿ ಕಂಠಗಳು ಒಟ್ಟಿಗೆ ಅಬ್ಬರಿಸಿದವು. ಎಮ್ಲಿನ್ ಎರಡನೇ ಓಟ ಓಡಿದ, ಆದರೂ ನನ್ನ ಸಮಯ ಮುಟ್ಟಲಿಲ್ಲ. ಗೆದ್ದಿದ್ದೆ!

ಸೋಮವಾರ ಕೌಂಟರಿಗೆ ಬೇರೆ ಯಾರೂ ಸಿಗದೆ ಎಮ್ಲಿನ್ನೇ ನಿಂತಿದ್ದ. ನಾನು ಒಳಗೆ, ನನ್ನ ಅಳತೆಗೆ ದೊಡ್ಡದಾದ ಅಂಗಿ ತೊಟ್ಟು, ಮೊದಲ ಗಿರಾಕಿಗೆ ಕಾಯುತ್ತಿದ್ದೆ. ಹೊರಗೆ ಅಪ್ಪನ ದನಿ ಕೇಳಿತು.

"ಮೆಕ್ಯಾನಿಕ್ ಇದಾರಾ? ಕಾರಿನ ಹೆಡ್ಡು ಬದಲಾಯಿಸ್ಬೇಕಿತ್ತು. ಈ ಸಲ ನೀರು ಪೂರ್ತಿ ತುಂಬ್ಸೋಕೆ ಅವರಿಗೆ ಹೇಳಿ."