ಕೆರೆಯ ಮೇಲಿನ ತಂತಿಗಳು

ಹೊಸಕೋಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಅಕೀಬನಿಗೆ ಈಚೆಗೆ ಕೆರೆ ಕಂಡರೆ ಮೈ ಉರಿಯುತ್ತದೆ. ಕೆರೆಯದೇನೂ ತಪ್ಪಿಲ್ಲ. ಊರಾಚೆಯ ಆ ಕೆರೆಯ ಏರಿ ಸರಿಮಾಡಿ, ಸುತ್ತ ಪಾರ್ಕು ಮಾಡಿ, ಕಲ್ಲುಬೆಂಚು ಹಾಕಿದ್ದಾರೆ. ನೋಡಲು ಚೆನ್ನಾಗಿಯೇ ಇದೆ. ಮದುವೆ ಗೊತ್ತಾದ ಜೋಡಿಗಳೆಲ್ಲ ಫೋಟೋಕ್ಕೆ ಬೆಳಗಿನ ಎಳೆಬಿಸಿಲಲ್ಲಿ ಅಲ್ಲಿಗೇ ಬರುತ್ತವೆ. ಆದರೆ ಕೆರೆಯ ಈ ದಡದಿಂದ ಆ ದಡಕ್ಕೆ ಹೈಟೆನ್ಷನ್ ತಂತಿಗಳು ಹಾದುಹೋಗಿವೆ. ಎಲ್ಲಿ ನಿಂತು ಹೊಡೆದರೂ ಅವು ಹುಡುಗಿಯ ಕಿವಿಯಿಂದ ಹೊರಟು ಹುಡುಗನ ನೆತ್ತಿ ದಾಟುತ್ತವೆ. "ಅದನ್ನ ತೆಗೆದ್ಬಿಡಿ ಅಣ್ಣಾ" ಎನ್ನುತ್ತಾರೆ ಎಲ್ಲರೂ, ಅಂಗಿಯ ಮೇಲಿನ ದಾರದೆಳೆ ಕೀಳುವಷ್ಟು ಸಲೀಸಾಗಿ. ಜನಕ್ಕೆ ಕೆರೆ ಬೇಕು, ಮನೆಗೆ ಹೋದರೆ ಏಸಿ ಬೇಕು, ತಂತಿ ಮಾತ್ರ ಬೇಡ.

ವರ್ಷಗಟ್ಟಲೆ ಒಂದೊಂದೇ ತಂತಿ ಅಳಿಸುತ್ತಾ ಕೂತು ಅಕೀಬನ ಬಲಭುಜ ಹಿಡಿದುಕೊಂಡಿದೆ. ಒಂದು ಗುಂಡಿ ಒತ್ತಿದರೆ ತಾನೇ ಅಳಿಸುವ ಸಾಫ್ಟ್‌ವೇರ್ ಈಗ ಬಂದಿದೆ, ನಿಜ. ಅದು ಒಮ್ಮೊಮ್ಮೆ ತಂತಿಯ ಜೊತೆ ಹುಡುಗಿಯ ಒಂದು ಬೆರಳನ್ನೂ ನುಂಗಿಬಿಡುತ್ತದೆ. ಆಮೇಲೆ ಬೆರಳು ಕೂರಿಸಬೇಕಾದವನು ಅಕೀಬನೇ.

ಅವತ್ತು ಮಂಗಳವಾರ, ಮಧ್ಯಾಹ್ನ. ಒಬ್ಬ ಹೆಂಗಸು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಇನ್ನೂ ಮೂವತ್ತು ದಾಟಿರಲಾರದು. ಹೆಸರು ಶಶಿರೇಖಾ, ಊರು ಜಡಿಗೇನಹಳ್ಳಿ ಹತ್ತಿರ ಎಂದಳು.

"ನಮ್ಮನೆಯವ್ರ ಫೋಟೋ ನಿಮ್ಮತ್ರ ಐತೆ ಸಾರ್. ನಂದೀಶ್ ಅಂತ. ಹೋದೊರ್ಷ ಕೆರೆ ಮೇಲೆ ಲೈನ್ ಎಳೀವಾಗ ನೀವು ಹೊಡುದ್ರಂತೆ."

ಅಕೀಬನಿಗೆ ಮೊದಲು ಹೊಳೆಯಲಿಲ್ಲ. ಆಮೇಲೆ ನಿಧಾನಕ್ಕೆ ನೆನಪಾಯಿತು. ಹಳೆಯ ಲೈನಿನ ಪಕ್ಕ ಹೊಸದನ್ನು ಎಳೆಯುತ್ತಿದ್ದ ದಿನಗಳು. ಒಂದು ಜೋಡಿ ಬಟ್ಟೆ ಬದಲಿಸಲು ಹೋಗಿತ್ತು. ಮೇಲಿಂದ ಯಾರೋ "ಅಣ್ಣಾ, ನಮ್ದೂ ಒಂದು ಹೊಡಿ ಗುರು!" ಎಂದು ಕೂಗಿದ್ದ. ಎರಡು ತಂತಿಗಳ ಮೇಲೆ ಉರುಳುವ ಪುಟ್ಟ ಗಾಡಿಯಲ್ಲಿ ಕೂತು, ನೀರಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೆಲಸ ಮಾಡುತ್ತಿದ್ದವನು. ಅಕೀಬ್ ದೊಡ್ಡ ಲೆನ್ಸು ತಿರುಗಿಸಿ ಹೊಡೆದು, "ಅಂಗಡಿಗೆ ಬಾ, ಕೊಡ್ತೀನಿ" ಎಂದಿದ್ದ. ಅವನು ಬರಲಿಲ್ಲ, ಇವನು ಮರೆತ.

"ಅವ್ರನ್ನೇ ಕಳ್ಸಮ್ಮ, ಹುಡುಕಿಡ್ತೀನಿ."

"ಅವ್ರಿಲ್ಲ ಸಾರ್. ಎರಡು ತಿಂಗಳಾದ್ಮೇಲೆ ಇನ್ನೊಂದ್ ಕಡೆ ಲೈನಿಂದ ಬಿದ್ದೋದ್ರು. ಬರೋ ಸೋಮವಾರ ವರ್ಷದ ತಿಥಿ."

ಅಕೀಬ್ ಮೌಸ್ ಮೇಲಿಂದ ಕೈ ತೆಗೆದ.

ಅವಳು ಅಳಲಿಲ್ಲ. ವರ್ಷವಿಡೀ ಹೇಳಿ ಹೇಳಿ ಸವೆದ ಮಾತನ್ನು ಮತ್ತೊಮ್ಮೆ ಹೇಳಿದಳು. ಗಂಡನ ಜೇಬಿನಲ್ಲಿದ್ದ ಫೋನು ಅವನ ಜೊತೆಯೇ ಬಿದ್ದು ಪುಡಿಯಾಯಿತು. ಇದ್ದಬದ್ದ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಮದುವೆಯ ಫೋಟೋದಲ್ಲಿ ಪೇಟ, ಬಾಸಿಂಗದ ನಡುವೆ ಮುಖವೇ ಕಾಣುವುದಿಲ್ಲ. ಉಳಿದದ್ದು ಆಧಾರ್ ಕಾರ್ಡಿನದು. ಅದನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾಳೆ.

"ಕಳ್ಳನ್ನ ಹಿಡ್ಕೊಂಡ್ ಬಂದಂಗವ್ರೆ ಅದ್ರಾಗೆ. ಮಗಳಿಗೆ ನಾಕೊರ್ಷ. ಇದು ನಮ್ಮಪ್ಪ ಅಲ್ಲ ಅಂತ ಹೂವು ಹಾಕಕ್ಕೇ ಬರಲ್ಲ."

ಅಕೀಬನಿಗೆ ಸಿಕ್ಕೇ ಸಿಗುತ್ತದೆ ಎಂದು ಸುಳ್ಳು ಹೇಳುವ ಆಸೆಯಾಯಿತು. ಆದರೆ ಸುಳ್ಳಿಗೂ ತ್ರಾಣ ಬೇಕು. "ನೋಡಮ್ಮ, ತಂತಿ ಬಿದ್ದಿರೋ ಫೋಟೋನೇ ನಾನು ಮೊದ್ಲು ಡಿಲೀಟ್ ಮಾಡೋದು. ಇರೋದು ಡೌಟು" ಎಂದ. ಅವಳು ಸ್ಟೂಲಿನ ಮೇಲೆ ಕೂತಳು. ಬೈದು ಹೋಗಿದ್ದರೆ ಚೆನ್ನಾಗಿತ್ತು.

ಎರಡು ಹಾರ್ಡ್‌ಡಿಸ್ಕ್ ಜಾಲಾಡಿದ. ಆ ಜೋಡಿಯ ಫೋಟೋಗಳು ಸಿಕ್ಕವು: ಕೆರೆ, ಕೊಕ್ಕರೆ, ತೊಳೆದಿಟ್ಟಂಥ ಆಕಾಶ. ಒಂದರಲ್ಲೂ ತಂತಿಯಿಲ್ಲ, ತಂತಿಯ ಮೇಲಿದ್ದವನೂ ಇಲ್ಲ. ತನ್ನ ಅಚ್ಚುಕಟ್ಟುತನದ ಮೇಲೆ ಅವನಿಗೇ ಅಸಹ್ಯ ಬಂತು.

ಅಷ್ಟರಲ್ಲಿ ಹೆಂಡತಿ ಅಮ್ರೀನ್ ಊಟದ ಡಬ್ಬಿ ತಂದಳು. ಆಲ್ಬಮ್ ಜೋಡಿಸುವ ಕೆಲಸವೆಲ್ಲ ಅವಳದೇ. ವಿಷಯ ಕೇಳಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಅವತ್ತು ಮೋಡ ಇತ್ತಾ?" ಎಂದಳು.

"ಹತ್ತಿ ಉದುರ್ಸಿದಂಗೆ ಇತ್ತು."

"ಹಂಗಾದ್ರೆ ಮೋಡದ ಫೋಲ್ಡರ್ ನೋಡಿ ಜೀ."

ಬೋಳು ಆಕಾಶದ ಫೋಟೋಗಳಿಗೆ ಅಂಟಿಸಲೆಂದು ಅಮ್ರೀನ್ ಒಳ್ಳೆಯ ಮೋಡ ಬಿದ್ದ ಫೋಟೋಗಳನ್ನು ಬೇರೆ ತೆಗೆದಿಡುತ್ತಾಳೆ. ಬೇಕಾದಷ್ಟು ಮೋಡ ಕತ್ತರಿಸಿಕೊಂಡು ಮಿಕ್ಕದ್ದನ್ನು ಹಾಗೇ ಬಿಡುತ್ತಾಳೆ. ಹದಿನೇಳನೆಯ ಮೋಡದ ಕೆಳಮೂಲೆಯಲ್ಲಿ ನಂದೀಶ ಕೂತಿದ್ದ. ಅವನ ತಲೆಯ ಮೇಲಿನ ಮೋಡ ವರ್ಷದಲ್ಲಿ ಎಷ್ಟು ಮದುಮಕ್ಕಳ ಹಿಂದೆ ತೇಲಿತ್ತೋ!

ಅಕೀಬ್ ದೊಡ್ಡದು ಮಾಡಿದ. ಹಳದಿ ಹೆಲ್ಮೆಟ್ಟಿನ ಕೆಳಗೆ ಮುಖ ತುಂಬ ನಗು, ಮುಂದಿನ ಹಲ್ಲುಗಳ ನಡುವೆ ಸಂದು, ಮೇಲೆತ್ತಿದ ಒಂದು ಕೈ. ಶಶಿರೇಖಾ ಸ್ಟೂಲಿನಿಂದ ಎದ್ದವಳು ಮತ್ತೆ ಕೂರಲಿಲ್ಲ. "ಇವ್ರೇ" ಎಂದಳು. ಮತ್ತೆ, "ಇವ್ರೇ ಕಣಕ್ಕಾ" ಎಂದು ಅಮ್ರೀನಳಿಗೆ ಹೇಳಿದಳು. ಅಮ್ರೀನ್ ಅವಳ ಬೆನ್ನ ಮೇಲೆ ಕೈಯಿಟ್ಟಳು.

ಪ್ರಿಂಟಿಗೆ ಹಾಕಲು ಅಕೀಬ್ ಕೈ ಚಾಚಿದಾಗ ಶಶಿರೇಖಾ ತಡೆದಳು.

"ಸಾರ್, ಆ ತಂತಿ ತೆಗೆದ್ಬಿಡಿ. ನನ್ನ ಕೈಲಿ ನೋಡಕ್ಕಾಗಲ್ಲ. ಅವ್ರನ್ನ ತಿಂದಿದ್ದೇ ಅದು."

ಈ ಮಾತನ್ನು ಅವನು ಸಾವಿರ ಸಲ ಕೇಳಿದ್ದ. ಅದಕ್ಕೊಂದು ಕಾರಣ ಕೇಳಿದ್ದು ಇದೇ ಮೊದಲು. ಸಾಫ್ಟ್‌ವೇರಿಗೆ ಬಿಡದೆ ಕೈಯಲ್ಲೇ ಶುರುಮಾಡಿದ. ಭುಜ ಚುಳುಕ್ ಎಂದಾಗೆಲ್ಲ ನಿಂತು, ಕೈ ಒದರಿ, ಮತ್ತೆ ಕೂತ. ತಂತಿಗಳು ಹೋದವು. ತಂತಿಯ ಮೇಲಿನ ಗಾಡಿ ಹೋಯಿತು. ಸೊಂಟದ ಬೆಲ್ಟಿನಿಂದ ಹೊರಟ ಹಗ್ಗವೂ ಹೋಯಿತು. ಇಷ್ಟು ಜೋಪಾನವಾಗಿ ಅವನು ಯಾವ ಮದುಮಗಳಿಗೂ ಕೆಲಸ ಮಾಡಿರಲಿಲ್ಲ. ಡಬ್ಬಿಯ ಅನ್ನ ಆರಿತು.

"ಆಯ್ತಮ್ಮ, ನೋಡು."

ಶಶಿರೇಖಾ ಹತ್ತಿರ ಬಂದು ಬಗ್ಗಿದಳು. ಮೇಲೆ ಮೋಡದ ಆಕಾಶ, ಕೆಳಗೆ ಕೆರೆ. ನಡುವೆ ಯಾವುದರ ಆಸರೆಯೂ ಇಲ್ಲದೆ ಮಡಿಸಿದ ಮಂಡಿ, ಇಳಿಬಿದ್ದ ಕಾಲು, ಮೇಲಕ್ಕೆ ಚಾಚಿದ ಕೈ.

ಅವಳು ಪರದೆಯ ಮೇಲೆ ಅಂಗೈ ಒತ್ತಿ ಹಿಡಿದುಬಿಟ್ಟಳು.

"ಬೀಳ್ತಾವ್ರೆ ಸಾರ್! ಹಾಕಿ, ಅದನ್ನ ವಾಪಸ್ ಹಾಕಿ. ಬೇಗ ಹಾಕಿ ಸಾರ್!"

ಅಕೀಬ್ ಅಳಿಸಿದ್ದನ್ನು ಮರಳಿಸುವ ಕೀಲಿಯನ್ನು ಒತ್ತಿದ, ಒತ್ತುತ್ತಲೇ ಹೋದ. ಹಗ್ಗ ಬಂತು, ಗಾಡಿ ಬಂತು, ಒಂದು ತಂತಿ, ಆಮೇಲೆ ಇನ್ನೊಂದು. ನಂದೀಶ ಮತ್ತೆ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತ. ಶಶಿರೇಖಾ ಆಗ ಪರದೆಯಿಂದ ಕೈ ತೆಗೆದು, ಸ್ಟೂಲಿನ ಮೇಲೆ ಕುಸಿದು, ಆ ವರ್ಷದ ಅಳುವನ್ನೆಲ್ಲ ಅತ್ತಳು.