ನೀರುದೋಸೆ ಚೀಟಿಯ ಸೇಡು

ಎರಡು ಸಾವಿರದ ಐದನೇ ಇಸವಿಯ ಕೊನೆಯಲ್ಲಿ, ಬೈಂದೂರಿನ ಹೆದ್ದಾರಿ ಬದಿಯಲ್ಲಿ, ಊರಿನ ಗಣ್ಯರೆಲ್ಲ ಸಾಕ್ಷಿಯಾಗಿ ಕುಳಿತಿದ್ದಾಗ, ಒಂದು ಪ್ಲೇಟ್ ನೀರುದೋಸೆಯ ಚೀಟಿ ದೋಸೆ ಕಾವಲಿಯ ಪಕ್ಕದ ಪ್ರಿಂಟರಿಗೆ ಹೋಗುವ ಬದಲು ಜ್ಯೂಸ್ ಕೌಂಟರಿನ ಪ್ರಿಂಟರಿನಲ್ಲಿ ಹೊರಬಂತು. ಈ ಕರಾವಳಿಯ ಚರಿತ್ರೆ ಬರೆದವರು ಪೋರ್ಚುಗೀಸರು ಬಸ್ರೂರಿಗೆ ಬಂದದ್ದನ್ನು ಬರೆದಿದ್ದಾರೆ, ಅಕ್ಕಿ ತುಂಬಿದ ಹಡಗುಗಳು ಹೋದದ್ದನ್ನು ಬರೆದಿದ್ದಾರೆ. ಈ ಚೀಟಿಯನ್ನು ಮಾತ್ರ ಯಾಕೋ ಬಿಟ್ಟಿದ್ದಾರೆ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗುತ್ತಿದೆ.

ಅಂದು ಮಧ್ಯಾಹ್ನ ಗಿರಿಜಕ್ಕನ ಹೋಟೆಲಿನ ಉದ್ಘಾಟನೆ. ಗಲ್ಲಾದಲ್ಲಿ ಕಂಪ್ಯೂಟರ್ ಇಟ್ಟ ಹೋಟೆಲು ಬೈಂದೂರಿಗೆ ಆಗ ಹೊಸದು. ಗಿರಾಕಿ ಕೇಳಿದ್ದನ್ನು ಗಲ್ಲಾದಲ್ಲಿ ಒತ್ತಿದರೆ, ದೋಸೆಯ ಚೀಟಿ ದೋಸೆಯವನ ಹತ್ತಿರ, ಊಟದ ಚೀಟಿ ಅಡುಗೆಮನೆಯಲ್ಲಿ, ಜ್ಯೂಸಿನ ಚೀಟಿ ಜ್ಯೂಸಿನವನ ಹತ್ತಿರ ತಾನಾಗಿ ಅಚ್ಚಾಗಿ ಬೀಳಬೇಕು. ಮುಖ್ಯ ಅತಿಥಿಗಳು ಮೊದಲ ಆರ್ಡರ್ ಕೊಟ್ಟರು. ದೋಸೆಯವನು ಕಾವಲಿ ಕಾಯಿಸಿಕೊಂಡು ನಿಂತ. ಜ್ಯೂಸಿನವನು ತನಗೆ ಬಂದ ಚೀಟಿ ಓದಿ, ಮಿಕ್ಸಿಯನ್ನು ನೋಡಿ, ಮತ್ತೊಮ್ಮೆ ಚೀಟಿ ಓದಿದ.

ಆ ಪ್ರೋಗ್ರಾಮು ಬರೆದವನು ಕೋಟೇಶ್ವರದ ಪಡುಗಾಳಿ ಸಾಫ್ಟ್‌ವೇರಿನ ರವಿಚಂದ್ರ. ಅವನು ಸಭೆಯ ಮಧ್ಯೆ ಬಂದು, ನಗುತ್ತಲೇ ಹೇಳಿದ:

"ಎಂತ ಇಲ್ಲ ಗಿರಿಜಕ್ಕ, ಗಾಬರಿ ಬ್ಯಾಡ. ನಮ್ ಹುಡ್ಗಿ ನಿನ್ನೆ ಅದಕ್ ಕೈ ಹಾಕಿದ್ಲ್. ಕಲೂಕ್ ಬಂದವ್ರ್ ಅಲ್ದಾ, ನಾವೇ ಸುದಾರ್ಸ್ಕಣ್ಕ್."

ಹುಡುಗಿ ಎಂದರೆ ಸುಗುಣ. ಉಪ್ಪುಂದದವಳು. ಕಲಿಯಲು ಬಂದವಳಲ್ಲ, ಪಡುಗಾಳಿಯಲ್ಲಿ ರವಿಚಂದ್ರನ ಮುಂದಿನ ಮೇಜಿನಲ್ಲಿ ಮೂರು ಮಳೆಗಾಲ ಕಳೆದವಳು. ಹಿಂದಿನ ದಿನ ಅವಳು ಕೈ ಹಾಕಿದ್ದು ತಿಂಡಿಗಳ ಹೆಸರಿಗೆ ಮಾತ್ರ. ಚೀಟಿಯನ್ನು ಯಾವ ಪ್ರಿಂಟರಿಗೆ ಕಳಿಸಬೇಕೆಂದು ತೀರ್ಮಾನಿಸುವ ಭಾಗವನ್ನು ಅವಳು ಕಣ್ಣಿನಿಂದಲೂ ಕಂಡಿರಲಿಲ್ಲ. ಆದರೆ ಕಾಣದ್ದನ್ನು ಮುಟ್ಟಿಲ್ಲ ಎಂದು ತೋರಿಸುವುದು ಹೇಗೆ? ಮುಖ್ಯ ಅತಿಥಿಗಳು ಅವಳತ್ತ ನೋಡಿ, ಕ್ಷಮಿಸಿದವರ ಹಾಗೆ ತಲೆಯಾಡಿಸಿದರು. ಆ ತಲೆಯಾಟ ಸುಗುಣಳ ಎದೆಯಲ್ಲಿ ಮೀನಿನ ಮುಳ್ಳಿನಂತೆ ಉಳಿಯಿತು.

ಮಾರನೆಯ ದಿನ ಪಡುಗಾಳಿಯ ಮಾಲೀಕ ಗುಣಪಾಲ ಶೆಟ್ಟರು ಅವಳನ್ನು ಕರೆದರು. ಶೆಟ್ಟರು ಮುಂಬೈಯಲ್ಲಿ ಮಾವನ ಹೋಟೆಲು ನೋಡಿಕೊಂಡಿದ್ದು, ಊರಿಗೆ ಬಂದು, ಪೈಂಟ್ ಅಂಗಡಿಯ ಮಾಳಿಗೆಯಲ್ಲಿ ಸಾಫ್ಟ್‌ವೇರ್ ಶುರು ಮಾಡಿದವರು. ಮುಚ್ಚುಮರೆ ಅವರಿಗೆ ಬರುತ್ತಿರಲಿಲ್ಲ.

"ಕಾಣ್ ಹೆಣೆ, ತಪ್ಪ್ ಯಾರದ್ದ್ ಅಂತ ನಂಗ್ ಗೊತ್ತಿಲ್ಲೆ. ಗೊತ್ತ್ ಮಾಡ್ಕಂಬುದೂ ಬ್ಯಾಡ. ರವಿ ಕೋಪ ಮಾಡ್ಕಂಡ್ ಹೋರೆ ನಾ ಬಾಗ್ಲ್ ಹಾಕ್ಕ್. ನೀ ಹೋರೆ..." ಶೆಟ್ಟರು ಸ್ವಲ್ಪ ಯೋಚಿಸಿದರು. "ನೀ ಹೋತಿಲ್ಲೆ. ಸ್ವಲ್ಪ ದಿವ್ಸ ಮೆನು ಟೈಪ್ ಮಾಡ್ಕಂಡ್, ಫೋನ್ ಕಾಣ್ಕಂಡ್ ಇರ್. ಫಾಲ್ತು ಗಲಾಟಿ ಬ್ಯಾಡ."

ಫ್ಯಾನಿನ ಕೆಳಗಿದ್ದ ಅವಳ ಕುರ್ಚಿ ಮೆಟ್ಟಿಲ ಬಾಗಿಲಿನ ಪಕ್ಕಕ್ಕೆ ಹೋಯಿತು. ಕೆಳಗಿನಿಂದ ಪೈಂಟಿನ ವಾಸನೆ ಮೊದಲು ತಲುಪುವ ಜಾಗ ಅದು.

ಶೆಟ್ಟರ ಭಯಕ್ಕೆ ಕಾರಣ ರವಿಚಂದ್ರನ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಕೆಂಪು ದಾರಕ್ಕೆ ಪೋಣಿಸಿದ ಪೆನ್‌ಡ್ರೈವು, ತಾಯಿತದ ಹಾಗೆ. ಅವನ ಸೋದರಮಾವ ಬ್ರಹ್ಮಾವರದ ಸುತ್ತ ಮದುವೆ ಅಡುಗೆಗೆ ಹೆಸರಾದವರು. ಅವರು ಮಸಾಲೆಯನ್ನು ಮನೆಯಲ್ಲೇ ಹುರಿದು, ಪುಡಿ ಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ ತರುತ್ತಿದ್ದರು. ಜೊತೆಗೆ ದುಡಿದ ಸಹಾಯಕರು ಮುದುಕರಾದರೂ ಅದರಲ್ಲಿ ಕೊತ್ತಂಬರಿ ಎಷ್ಟು, ಮೆಂತೆ ಎಷ್ಟು ಎಂದು ತಿಳಿಯಲಿಲ್ಲ. ಅಳಿಯ ಪ್ರೋಗ್ರಾಮಿಗೂ ಅದೇ ಪದ್ಧತಿ ತಂದ. ಚೀಟಿ ಹಂಚುವ ಭಾಗವನ್ನು ಮನೆಯಲ್ಲಿ ಬರೆಯುವುದು, ಯಾರೂ ಬಿಚ್ಚಿ ಓದಲಾರದ ಸಿದ್ಧ ಫೈಲು ಮಾಡಿ ಪೆನ್‌ಡ್ರೈವಿನಲ್ಲಿ ತರುವುದು. ಮೂಲ ಬರಹ ಬ್ರಹ್ಮಾವರದ ಅವನ ಮನೆಯಲ್ಲಿ. ಒಂದು ಸಾಲು ತಿದ್ದಬೇಕಾದರೂ ಅವನು ಮನೆಗೆ ಹೋಗಿ ಬರಬೇಕು, ಅಲ್ಲಿಯವರೆಗೆ ಹೋಟೆಲುಗಳು ಕಾಯಬೇಕು. ಹೀಗೆ ಕಾಯಿಸುವವನನ್ನು ಶೆಟ್ಟರು ಬುದ್ಧಿವಂತ ಎಂದು ತಿಳಿದಿದ್ದರು. ಹಾಗೆ ತಿಳಿದವರು ಅವರೊಬ್ಬರೇ ಅಲ್ಲ.

ಸುಗುಣಳಿಗೆ ಬೇಕಾದದ್ದು ಒಂದೇ. ರವಿಚಂದ್ರ ತನ್ನ ಕುರ್ಚಿಯ ಪಕ್ಕ ಬಂದು ನಿಂತು, ಎಲ್ಲರಿಗೂ ಕೇಳುವ ಹಾಗೆ, 'ಇದನ್ನು ಹೇಗೆ ಮಾಡುವುದು' ಎಂದು ಕೇಳಬೇಕು. ಅದಕ್ಕೆ ಅವಳು ಉಪ್ಪುಂದದ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಅನೇಕ ಉಪಾಯ ಹೂಡಿದಳು. ಪೆನ್‌ಡ್ರೈವನ್ನು ಕುದಿಯುವ ಸಾಂಬಾರಿಗೆ ಬೀಳಿಸುವುದು ಅವುಗಳಲ್ಲಿ ಎಲ್ಲಕ್ಕಿಂತ ಸಂತೋಷ ಕೊಡುವಂಥದ್ದು. ಆದರೆ ಈ ಗಂಟು ಹಾಳಾದರೆ ಬ್ರಹ್ಮಾವರದ ಮನೆಯಲ್ಲಿ ಇನ್ನೊಂದು ಗಂಟು ಇದ್ದೇ ಇರುತ್ತದೆ. ಹಾಗಾಗಿ ಅದನ್ನು ಕೈಬಿಟ್ಟಳು.

ಉಪಾಯ ಬಂದದ್ದು ಫೋನಿನಲ್ಲಿ, ಗಿರಿಜಕ್ಕನ ಬಾಯಿಂದ.

"ಇವತ್ತೂ ದೋಸಿ ಜ್ಯೂಸಿಗ್ ಹೋಯ್ತ್ ಕಾಣ್ ಹೆಣೆ. ಅವ ಅದನ್ನ್ ಮಿಕ್ಸಿಗ್ ಹಾಕುದ್ರೊಳ್ಗೆ ಯಾರಾರೂ ಬನ್ನಿ."

"ಎಷ್ಟ್ ಹೊತ್ತಿಗ್ ಆಯ್ತ್ ಅಕ್ಕ?"

"ಹೊತ್ತ್ ಕಟ್ಕಂಡ್ ನಿಂಗೆಂತ? ದೋಸಿಗ್ ಮುಹೂರ್ತ ಇತ್ತಾ?"

"ಹೊತ್ತ್ ಹೇಳಿ ಅಕ್ಕ. ಹೊತ್ತ್ ಸಿಕ್ರೆ ಕಳ್ಳನೂ ಸಿಕ್ತ."

"ಬೆಳಿಗ್ಗೆ ಎಲ್ಲ ಸಮಾ ಇತ್ತ್. ಮಧ್ಯಾಹ್ನ ಆತಾ ಬಂದಂಗೆ ಶುರು. ಕಳ್ಳ ಅಂದ್ಯಲೆ, ಆ ಕೆಂಪು ದಾರದವನಾ? ಮೊನ್ನೆ ಫೋನ್ ಮಾಡಿರೆ, ನಿಮಗ್ ಹೋಟ್ಲ್ ನೆಡ್ಸುಕ್ ಬತ್ತಾ ಇಲ್ಯಾ ಅಂತ ಕೇಂಡ. ನನ್ನತ್ರ."

ಸುಗುಣ ಆ ದಿನದಿಂದ ಪ್ರತಿ ದೂರಿಗೂ ಹೊತ್ತು ಕೇಳತೊಡಗಿದಳು. ಜೊತೆಗೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪ್ರಿಂಟರುಗಳನ್ನು ಒರೆಸಿ ಮೇಜಿನ ಮೇಲಿಟ್ಟು, ಒಂದಕ್ಕೆ ದೋಸೆ, ಇನ್ನೊಂದಕ್ಕೆ ಜ್ಯೂಸು ಎಂದು ಚೀಟಿ ಅಂಟಿಸಿ, ಒಂದು ಸುಳ್ಳು ಹೋಟೆಲು ತೆರೆದಳು. ಗಿರಾಕಿ ಅವಳೇ. ಸಪ್ಲಾಯರ್ ಪಕ್ಕದ ಮೇಜಿನ ಕೀರ್ತನ್. ಅವನೂ ಪ್ರೋಗ್ರಾಮು ಬರೆಯುವವನೇ, ಆದರೆ ರವಿಚಂದ್ರ ಎದುರಿಗಿದ್ದರೆ ಸೀನಲೂ ಯೋಚಿಸುವವನು.

"ಒಂದ್ ನೀರ್ದೋಸಿ," ಎಂದಳು ಸುಗುಣ.

"ಇನ್ನೆಂತ ಬೇಕ್ ಅಮ್ಮ? ಬಿಸಿ ಬಿಸಿ ಗೋಳಿಬಜೆ ಇತ್ತ್."

"ಆಟ ಆಡ್ಬ್ಯಾಡ. ಗಡಿಯಾರ ಮುಂದ್ ಮಾಡ್."

ಕಂಪ್ಯೂಟರಿನ ಗಡಿಯಾರವನ್ನು ಕೀರ್ತನ್ ಸ್ವಲ್ಪ ಸ್ವಲ್ಪವೇ ಮುಂದೆ ತಳ್ಳಿದ. ಹನ್ನೊಂದು ಗಂಟೆ ದಾಟಿದ್ದೇ ತಡ, ನೀರುದೋಸೆ ಜ್ಯೂಸಿಗೆ ಹಾರಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಹನ್ನೊಂದಕ್ಕೂ ದೋಸೆಗೂ ಎಂಥ ದ್ವೇಷ?

ಉತ್ತರ ಹುಡುಕಿಕೊಂಡು ಸುಗುಣ ಕುಂದಾಪುರಕ್ಕೆ ಹೋದಳು. ರವಿಚಂದ್ರ ಈ ಪ್ರೋಗ್ರಾಮನ್ನು ಮೊಟ್ಟಮೊದಲು ಕುಳಿತು ಬರೆದ ಹೋಟೆಲು ಅಲ್ಲಿತ್ತು. ಮಧ್ಯಾಹ್ನ ದೋಸೆ ಹೇಳಿ ಕಾದಳು. ಕಾವಲಿಯ ಮುಂದೆ ನಿಂತಿದ್ದವನು ಜ್ಯೂಸಿನವನು. ಅಲ್ಲಿನ ದೋಸೆ ಭೋಜ ಬೆಳಗಿನ ಹೊತ್ತು ದೋಸೆ ಹೊಯ್ದು, ಹನ್ನೊಂದಾದೊಡನೆ ಬನಿಯನ್ ಮೇಲೆ ಖಾಕಿ ಅಂಗಿ ಹಾಕಿ ರಿಕ್ಷಾ ಬಿಡಲು ಹೋಗುತ್ತಿದ್ದ. ಆಮೇಲೆ ಬಂದ ದೋಸೆ ಚೀಟಿಯೆಲ್ಲ ಜ್ಯೂಸಿನವನ ಪಾಲು. ರವಿಚಂದ್ರ ಕಂಡದ್ದನ್ನು ಕಂಡಂತೆ ಬರೆದಿದ್ದ, ಬರೆದು ಮರೆತಿದ್ದ. ಪ್ರೋಗ್ರಾಮು ತಾನು ಹುಟ್ಟಿದ ಮನೆಯ ಅಭ್ಯಾಸಗಳನ್ನೆಲ್ಲ ಹೊತ್ತುಕೊಂಡೇ ಗಂಡನ ಮನೆಗೆ ಹೋಗುತ್ತದೆ. ಭೋಜ ಬಿಡುತ್ತಿದ್ದ ರಿಕ್ಷಾ ಹೀಗೆ ಯಾರಿಗೂ ಕಾಣದೆ ಬೈಂದೂರಿನವರೆಗೂ ಓಡುತ್ತಿತ್ತು.

"ಶೆಟ್ರಿಗ್ ಹೇಳುವ," ಎಂದ ಕೀರ್ತನ್, ಇದನ್ನು ಕೇಳಿ. "ಈಗಳೇ ಹೇಳುವ."

"ಈಗಳ್ ಹೇಳಿರೆ ಎಂತ ಆತ್? ಅವ ಮನಿಗ್ ಹೋಯಿ ಒಂದ್ ಸಾಲ್ ಅಳ್ಸ್ಕಂಡ್ ಬತ್ತ. ಶೆಟ್ರ್ ಶಾಬಾಸ್ ಅಂತ್ರ್. ಗಂಟ್ ಗಂಟಾಗೇ ಇರತ್ತ್." ಸುಗುಣ ಪ್ರಿಂಟರಿನ ಧೂಳು ಊದಿದಳು. "ನಂಗ್ ಅವನ್ ತಪ್ಪ್ ಹಿಡೂದ್ ಬ್ಯಾಡ. ಅವನ್ ಗಂಟ್ ಬಿಚ್ಚುಕ್."

"ಅದ್ ಎಂತಕ್?"

"ಬಿಚ್ಚಿದ್ ಮೇಲೆ ಅವ ಬರೀ ರವಿಚಂದ್ರ ಆತ."

ಕೀರ್ತನ್ ಒಮ್ಮೆ ರವಿಚಂದ್ರನ ಮೇಜಿನತ್ತ ನೋಡಿದ. ಆದರೆ ಒಪ್ಪಿದ. ಮನುಷ್ಯನಿಗೆ ಸೀನುವ ಸ್ವಾತಂತ್ರ್ಯವೂ ಬೇಕು.

ಅವರು ಚೀಟಿ ಹಂಚುವ ಭಾಗವನ್ನು ಹೊಸದಾಗಿ ಬರೆಯತೊಡಗಿದರು. ಎಲ್ಲ ಬರಹವೂ ಮೂಲೆಯ ಸಾಮಾನ್ಯ ಕಂಪ್ಯೂಟರಿನಲ್ಲಿ, ಯಾರು ಬೇಕಾದರೂ ತೆರೆದು ಓದುವ ಹಾಗೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಅರ್ಥವಾಯಿತು ಎನ್ನದೆ ಅದು ಮುಂದೆ ಹೋಗುವಂತಿಲ್ಲ. ಅರ್ಥವಾಗದಿದ್ದರೆ ತಪ್ಪು ಓದಿದವರದಲ್ಲ, ಬರೆದವರದು. ಫೋನಿನಲ್ಲಿ ಬಂದ ಒಂದೊಂದು ದೂರೂ ಸುಳ್ಳು ಹೋಟೆಲಿನ ಒಂದೊಂದು ಗಿರಾಕಿಯಾಯಿತು. ದಿನಾ ಬೆಳಿಗ್ಗೆ ಆ ಗಿರಾಕಿಗಳೆಲ್ಲ ಬಂದು ಹೋಗಬೇಕು. ಒಬ್ಬನ ಚೀಟಿ ದಾರಿ ತಪ್ಪಿದರೂ ಇವರಿಬ್ಬರಿಗೆ ಚಾ ಇಲ್ಲ. ಯಾವ ಹೋಟೆಲಿನಲ್ಲಿ ಯಾವ ಹೊತ್ತಿಗೆ ಯಾರು ಕಾವಲಿ ಹಿಡಿಯುತ್ತಾರೆ ಎನ್ನುವುದನ್ನು ಪ್ರೋಗ್ರಾಮಿನ ಹೊಟ್ಟೆಯಲ್ಲಿ ಹೂಳದೆ, ಹೋಟೆಲಿನವರೇ ಬದಲಿಸಿಕೊಳ್ಳುವ ಹಾಗೆ ಹೊರಗಿಟ್ಟರು. ಇವೆಲ್ಲ ಒಳ್ಳೆಯ ಕೆಲಸದ ಲಕ್ಷಣಗಳೆಂದು ದೊಡ್ಡ ಕಂಪನಿಗಳಲ್ಲಿ ಭಾಷಣ ಮಾಡುತ್ತಾರಂತೆ. ಸುಗುಣಳಿಗೆ ಅದು ತಿಳಿದಿರಲಿಲ್ಲ. ಅವಳು ಕತ್ತಿ ಮಸೆಯುತ್ತಿದ್ದಳು, ಅಷ್ಟೆ.

ರವಿಚಂದ್ರ ಬಾಗಿಲ ಬಳಿಯ ಪ್ರಿಂಟರುಗಳ ಸದ್ದು ಕೇಳಿ ಒಮ್ಮೆ ಇಣುಕಿದ.

"ಎಂತ ಸುಗುಣ, ಮನಿಯಾಟ ಆಡುದಾ?"

"ಹೌದ್ ರವಿ ಸರ್. ನೀವೂ ಬನ್ನಿ ಉಂಬುಕೆ."

ಮಳೆ ಹಿಡಿಯುವ ಮೊದಲು ಬ್ರಹ್ಮಾವರದಲ್ಲಿ ಒಂದು ದೊಡ್ಡ ಹೋಟೆಲಿನ ಕೆಲಸ ಬಂತು. ಮಾಲೀಕರು ಶೆಟ್ಟರ ಹತ್ತಿರದ ಬಂಧುಗಳು. ಉದ್ಘಾಟನೆ ಹತ್ತಿರ ಬರುತ್ತಿದ್ದಂತೆ ರವಿಚಂದ್ರ ಶೆಟ್ಟರ ಮುಂದೆ ಕುಳಿತು, ತನ್ನನ್ನು ಪಾಲುದಾರನಾಗಿ ಮಾಡಬೇಕು, ಹೊರಗಿನ ಬೋರ್ಡಿನಲ್ಲಿ ಹೆಸರು ಹಾಕಿಸಬೇಕು ಎಂದ. ಶೆಟ್ಟರು ಯೋಚಿಸುತ್ತೇನೆ ಎಂದರು. ಮಾರನೆಯ ದಿನ ಅವನು ಬರಲಿಲ್ಲ. ಅವನ ಮಾವನೂ ಹಿಂದೊಮ್ಮೆ ಒಂದು ಮದುವೆಯ ಮುಹೂರ್ತದ ದಿನ ಮಸಾಲೆ ಗಂಟಿನೊಂದಿಗೆ ಹೀಗೇ ಮನೆಯಲ್ಲಿ ಕುಳಿತಿದ್ದರು. ಹೆಣ್ಣಿನ ತಂದೆ ಕಾಲು ಹಿಡಿಯುವುದೊಂದು ಬಾಕಿ ಇತ್ತು.

ಶೆಟ್ಟರು ಮಾಳಿಗೆಯಲ್ಲಿ ಅತ್ತಿಂದಿತ್ತ ನಡೆದರು.

"ರವಿಗ್ ಜ್ವರ ಅಂಬ್ರ್. ಪಾಲು ಕೊಡದೆ ಜ್ವರ ಇಳೂದಿಲ್ಲ ಅಂಬ್ರ್."

"ಶೆಟ್ರೆ," ಎಂದಳು ಸುಗುಣ, ಬಾಗಿಲ ಪಕ್ಕದ ಕುರ್ಚಿಯಿಂದ ಏಳದೆ. "ಒಂದ್ ನೀರ್ದೋಸಿ ಆರ್ಡರ್ ಮಾಡಿ ಕಾಣಿ."

ಶೆಟ್ಟರು ಸಿಟ್ಟಿನಲ್ಲೇ ಒತ್ತಿದರು. ಕೀರ್ತನ್ ಗಡಿಯಾರ ತಿರುಗಿಸಿದ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಚೀಟಿ ದೋಸೆಯ ಪ್ರಿಂಟರಿನಲ್ಲೇ ಬಂತು. ಶೆಟ್ಟರು ಕಾಗದವನ್ನು ಹರಿದು ಕನ್ನಡಕದ ಹತ್ತಿರ ಹಿಡಿದರು.

"ಇದನ್ನ್ ಬರ್ದದ್ ಯಾರ್?"

"ನಾನೂ ಕೀರ್ತನೂ."

"ನಾಳೆ ನಿಂಗ್ ಜ್ವರ ಬಂದ್ರೆ?"

"ಕೀರ್ತನ್ ಇದ್ದ."

"ಅವಂಗ್ ಬಂದ್ರೆ?"

"ನಾ ಇದ್ದೆ."

"ಇಬ್ರೂ ಒಟ್ಟಿಗ್ ಮನ್ಕಂಡ್ರೆ?"

"ಎಲ್ಲ ಆ ಮೂಲೆ ಕಂಪ್ಯೂಟರೊಳ್ಗ್ ಇತ್ತ್. ಓದೂಕ್ ಬಪ್ಪವ್ರ್ ಯಾರ್ ಬಂದ್ರೂ ಆತ್."

ಯಾರ ಜ್ವರಕ್ಕೂ ಬಗ್ಗದ ವ್ಯವಹಾರವನ್ನು ಶೆಟ್ಟರು ಮುಂಬೈಯಲ್ಲೂ ಕಂಡಿರಲಿಲ್ಲ. ಅವರ ಮುಖ ಅರಳಿತು. ಅದೇ ಹೊತ್ತಿಗೆ, ಇನ್ನು ಮುಂದೆ ತನ್ನ ಜ್ವರಕ್ಕೂ ಬೆಲೆಯಿಲ್ಲ ಎಂಬುದು ಸುಗುಣಳಿಗೆ ಹೊಳೆಯಿತು. ಆ ಬೆಲೆ ತೆರಲು ಅವಳು ತಯಾರಿದ್ದಳು.

ಬ್ರಹ್ಮಾವರದ ಉದ್ಘಾಟನೆಗೆ ರವಿಚಂದ್ರ ಬಂದ. ಊರಿನವನೇ ತಾನೆ, ಜ್ವರ ನಡೆದು ಬರುವಷ್ಟು ಇಳಿದಿತ್ತು. ಶೆಟ್ಟರು ಎಲ್ಲರೆದುರು ಒದ್ದಾಡುವುದನ್ನು, ಆಮೇಲೆ ತನ್ನತ್ತ ತಿರುಗುವುದನ್ನು ನೋಡಬೇಕೆಂದು ಮುಂದಿನ ಮೇಜಿನಲ್ಲಿ ಕುಳಿತ. ಕುತ್ತಿಗೆಯಲ್ಲಿ ಕೆಂಪು ದಾರವಿತ್ತು. ಮಧ್ಯಾಹ್ನವಾಗಿತ್ತು. ನೀರುದೋಸೆ ಹೇಳಿದ.

ದೋಸೆ ಬಂತು. ಕಾವಲಿಯಿಂದ ನೇರ, ಹಬೆಯಾಡುತ್ತ, ಬೆಲ್ಲ ಕಾಯಿತುರಿಯ ಸಮೇತ. ಅವನು ಅದನ್ನು ನೋಡುತ್ತ ಕುಳಿತ.

ಸುಗುಣ ಗಲ್ಲಾದ ಪಕ್ಕದಿಂದ ಎದ್ದು ಬಂದಳು.

"ತಿನ್ನಿ ರವಿ ಸರ್, ತಣೂತ್ತ್. ಚಟ್ನಿ ಬೇಕಾ?"

"ಇದ್ ಹ್ಯಾಂಗ್ ಬಂತ್?"

"ಕಾವಲಿಯಿಂದ. ನಿಮಗ್ ಜ್ಯೂಸ್ ಬೇಕಿದ್ರೆ ಹೇಳಿ, ಅದೂ ಬತ್ತ್."

ಅವನು ತಿಂದ. ಜನ ನೋಡುತ್ತಿದ್ದರು, ತಿನ್ನದೆ ಉಪಾಯವಿರಲಿಲ್ಲ. ಸುಗುಣ ಕೊನೆಯ ತುಂಡಿನವರೆಗೂ ಪಕ್ಕದಲ್ಲೇ ನಿಂತಿದ್ದಳು. ಬೈಂದೂರಿನಲ್ಲಿ ಮುಖ್ಯ ಅತಿಥಿಗಳು ತಲೆಯಾಡಿಸಿದ್ದರಲ್ಲ, ಅವನು ತಟ್ಟೆ ಸರಿಸಿದಾಗ ಅವಳೂ ಹಾಗೇ, ಕ್ಷಮಿಸಿದವರಂತೆ, ತಲೆಯಾಡಿಸಿದಳು.

ಶೆಟ್ಟರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಸುಗುಣಳೇ ತಡೆಯುತ್ತಿದ್ದಳು. ಅವನು ಹೋಗಿಬಿಟ್ಟರೆ ಬಂದು ಕೇಳುವವರು ಯಾರು? ಸಾಮಾನ್ಯ ಕಂಪ್ಯೂಟರಿನಲ್ಲಿಲ್ಲದ, ಇನ್ನೊಬ್ಬರು ಓದದ ಒಂದು ಸಾಲೂ ಗಿರಾಕಿಗೆ ಹೋಗಬಾರದು ಎಂದು ಕಟ್ಟಪ್ಪಣೆಯಾಯಿತು. ಅವಳ ಕುರ್ಚಿ ಫ್ಯಾನಿನ ಕೆಳಗೆ ಬಂತು, ಅವನದು ಬಾಗಿಲ ಬಳಿಗೆ ಹೋಯಿತು. ಅವನು ಬೇರೆ ಕೆಲಸಕ್ಕೆ ಅರ್ಜಿ ಹಾಕಿ ನೋಡಿದ. ನೀವು ಬರೆದದ್ದನ್ನು ತೋರಿಸಿ ಎಂದು ಎಲ್ಲರೂ ಕೇಳಿದರು. ತೋರಿಸುವ ಅಭ್ಯಾಸ ಅವನಿಗಿರಲಿಲ್ಲ.

ಒಂದು ಬೆಳಿಗ್ಗೆ, ಶೆಟ್ಟರೂ ಕೀರ್ತನನೂ ಇದ್ದಾಗ, ಅವನು ಎದ್ದು ಅವಳ ಕುರ್ಚಿಯ ಪಕ್ಕ ಬಂದು ನಿಂತ. ಕುತ್ತಿಗೆಯಲ್ಲಿ ದಾರವಿರಲಿಲ್ಲ.

"ಸುಗುಣ, ಈ ಹೋಟ್ಲಿನ್ ಹೊತ್ತ್ ಎಲ್ಲ ಹ್ಯಾಂಗ್ ಹಾಕುದ್?"

ಕೀರ್ತನ್ ಜೋರಾಗಿ ಸೀನಿದ. ಸುಗುಣ ಚಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡಳು.

"ಕೂಕಣಿ. ಕಲೂಕ್ ಬಂದವ್ರ್ ಅಲ್ದಾ, ನಾವೇ ಸುದಾರ್ಸ್ಕಣ್ಕ್."

ರವಿಚಂದ್ರ ಕುಳಿತು ಕಲಿತ. ಕಲಿತಮೇಲೆ ಅವಳು ಬರೆದ ಪ್ರತಿ ಸಾಲನ್ನೂ ದೀಪ ಹಿಡಿದು ತಪ್ಪು ಹುಡುಕುವವನಂತೆ ಓದತೊಡಗಿದ. ವಾರ ಕಳೆಯುವುದರೊಳಗೆ ಒಂದು ಸಿಕ್ಕಿತು: ಹೋಟೆಲಿಗೆ ವಾರದ ರಜೆಯಿದ್ದರೆ ಮಾರನೆಯ ದಿನದ ಹೊತ್ತುಗಳು ಏರುಪೇರಾಗುತ್ತಿದ್ದವು. ಅದನ್ನು ಅವನು ಶೆಟ್ಟರೆದುರು, ಧ್ವನಿ ಎತ್ತರಿಸಿ, ಸಾಲು ಸಾಲಾಗಿ ಓದಿ ತೋರಿಸಿದ. ಸುಗುಣ ಹಲ್ಲು ಕಚ್ಚಿ ತಿದ್ದಿದಳು. ಅಂದಿನಿಂದ ಅವನ ಸಾಲುಗಳನ್ನು ಅವಳು, ಅವಳ ಸಾಲುಗಳನ್ನು ಅವನು, ಒಬ್ಬರ ಮೇಲೊಬ್ಬರು ಹಲ್ಲು ಮಸೆಯುತ್ತಲೇ ಓದುತ್ತ ಬಂದರು. ಸ್ನೇಹಿತರು ಓದಿದ್ದರೆ ದಾಟಿಹೋಗುತ್ತಿದ್ದ ತಪ್ಪುಗಳು ಅಲ್ಲಿ ದಾಟಲಿಲ್ಲ. ಶೆಟ್ಟರು ಇದನ್ನು ಒಗ್ಗಟ್ಟು ಎಂದು ತಿಳಿದು, ಬಂದವರಿಗೆಲ್ಲ ಹೇಳಿಕೊಂಡರು.

ಬೈಂದೂರಿನಲ್ಲಿ ನೀರುದೋಸೆಯ ಚೀಟಿ ಈಗ ದೋಸೆ ಕಾವಲಿಗೆ ಹೋಗುತ್ತದೆ.