ಬದುಕಿದ್ದವನಿಗೆ ಚರಮಗೀತೆ

ಅಣ್ಣ ಕಿರ್ವಾಶ್‌ನ ಒಂಟೆ ರಕ್ತ ಮೆತ್ತಿದ ಜೀನು ಹೊತ್ತು ಒಂಟಿಯಾಗಿ ಬಂತು. ಅದನ್ನು ಕಂಡದ್ದೇ ತಡ, ಉಮೈಮಾ ಕೂದಲು ಕತ್ತರಿಸಿಕೊಂಡು ಚರಮಗೀತೆ ಹಾಡಿದಳು. ಅದೆಂಥ ಹಾಡು! ಮರಳುಗಾಡಿನ ಉಡಗಳೂ ಬಿಲದಿಂದ ಹೊರಬಂದು ಎದೆ ಬಡಿದುಕೊಂಡವೆಂದು ಚಿಕ್ಕಮ್ಮ ರಬಾಬ್ ಆಣೆಯಿಟ್ಟು ಹೇಳಿದಳು. ಸತ್ತವನ ಗುಣ ಹಾಡಿದ ಮೇಲೆ ಕೊಂದವನ ಹೆಸರನ್ನೂ ಹಾಡಬೇಕು. ಅದು ಒಡಹುಟ್ಟಿದವಳ ಪಾಲಿನ ಕೆಲಸ; ಆ ಹೆಸರಿನವನನ್ನು ಮುಗಿಸುವುದು ಗಂಡಸರ ಪಾಲಿನದು. ಉಮೈಮಾ ಹಿಂದೆಮುಂದೆ ನೋಡದೆ ಗುಡ್ಡದಾಚೆಯ ಕುಲದ ವಹ್ಬ್‌ನ ಹೆಸರು ಹಾಡಿಬಿಟ್ಟಳು. ಹೋದ ತಿಂಗಳು ಬಾವಿಯ ಹತ್ತಿರ ಅಣ್ಣನ ಮೇಲೆ ಕೈಮಾಡಿದವನು ಅವನೇ ತಾನೆ? ಹಾಡು ಮುಗಿಯುವ ಮೊದಲೇ ಏಳು ಗಂಡಸರು ಕುದುರೆ ಏರಿದ್ದರು.

ಬಿಸಿಲು ನೆತ್ತಿಗೇರಿದಾಗ, ತಲೆಗೆ ಬಟ್ಟೆ ಸುತ್ತಿಕೊಂಡ ಕಿರ್ವಾಶ್ ಕುಂಟುತ್ತ ಬಂದ.

"ಯಾರ್ ಸತ್ರು? ಎಲ್ಲಾ ಮುಖ ಊದಿಸ್ಕೊಂಡು ಕೂತಿದೀರಲ್ಲ?"

ಚಿಕ್ಕಮ್ಮನ ಕೈಯಿಂದ ಹಾಲಿನ ಬೋಗುಣಿ ಬಿತ್ತು. "ನೀನೇ ಕಣೋ, ದರಿದ್ರದವನೇ! ನಿನಗೋಸ್ಕರ ಅತ್ತೂ ಅತ್ತೂ ನನ್ನ ಕಣ್ಣು ಕೊಳೆತ ಖರ್ಜೂರ ಆಗಿದೆ!"

"ಒಂಟೆಯಿಂದ ಬಿದ್ದು ತಲೆ ಒಡ್ಕೊಂಡೆ ಚಿಕ್ಕಮ್ಮ. ದಾರೀಲಿ ವಹ್ಬ್ ಸಿಕ್ಕಿ ಗಾಯ ಕಟ್ಟಿದ. ಹಳೇ ಜಗಳ ಅಲ್ಲಿಗೇ ಮುಗೀತು."

ಹೋದವರನ್ನು ಓಡಿ ತಡೆಯಬೇಕೆಂದು ಉಮೈಮಾ ತಿರುಗಿದರೆ ಏಳೂ ಕುದುರೆಗಳು ಮರಳಿ ಬರುತ್ತಿದ್ದವು.

"ನಿನ್ನ ಹಾಡು ಬೇಡಿದ್ದನ್ನ ಮುಗಿಸಿ ಬಂದ್ವಿ, ಮಗಳೇ," ಎಂದ ದೊಡ್ಡಪ್ಪ, ಕಿರ್ವಾಶ್‌ನನ್ನು ಕಂಡು ತೆರೆದ ಬಾಯಿ ಮುಚ್ಚದೆ ನಿಂತ.

ಸಂಜೆ ಗುಡ್ಡದಾಚೆಯಿಂದ ಹೆಣ್ಣುದನಿ ಎದ್ದಿತು. ಹಾಡುತ್ತಿದ್ದವಳು ವಹ್ಬ್‌ನ ಅಕ್ಕ ಲಮೀಸ್. ಗುಣಗಳೆಲ್ಲ ಮುಗಿದವು. ಹೆಸರು ಬಂತು: ಸತ್ತವನಂತೆ ನಟಿಸಿ, ಗಾಯ ಕಟ್ಟಿದ ಕೈಯನ್ನೇ ಕಡಿಸಿದ ಕಿರ್ವಾಶ್.

ಬರಿಗಾಲಲ್ಲೇ ಗುಡ್ಡ ದಾಟಿ ಓಡಿದ ಉಮೈಮಾ ಲಮೀಸಳ ಕಾಲು ಹಿಡಿದಳು.

"ಅಕ್ಕಾ, ಅವನಿಗೆ ಏನೂ ಗೊತ್ತಿಲ್ಲ. ತಪ್ಪು ಹಾಡಿದ್ದು ನಾನು. ಅವನ ಹೆಸರು ತೆಗೆದು ನನ್ನ ಹೆಸರು ಹಾಕು."

ಲಮೀಸ್ ಅವಳ ಕತ್ತರಿಸಿದ ಕೂದಲು ನೋಡಿದಳು. ತನ್ನದೂ ಹಾಗೇ ಇತ್ತು.

"ಹುಚ್ಚಿ," ಎಂದಳು, "ಹೆಂಗಸಿನ ಹೆಸರಿಗೆ ಯಾವ ಗಂಡಸು ಕತ್ತಿ ಹಿರೀತಾನೆ?"

ಅವಳ ಹಿಂದೆ ಗಂಡಸರು ಆಗಲೇ ಕುದುರೆಗಳಿಗೆ ಜೀನು ಬಿಗಿಯುತ್ತಿದ್ದರು.